ಚಿತ್ರಗುಪ್ತನ ಕಡತ

ಹಳೆಯ ಕಂಪ್ಯೂಟರ್ ಆಟಗಳಲ್ಲಿ ಆಡತಕ್ಕವು ಯಾವುವೆಂದು ತರುಣರು ಕೇಳಿದಾಗಲೆಲ್ಲ ನನಗೆ ಕಿಂಚಿತ್ ಸಂಕೋಚವಾಗುವುದುಂಟು. ಏಕೆಂದರೆ ಅವರ ಕಣ್ಣು ಪಳಗಿರುವುದು, ಮುಖದ ಮೇಲಣ ಬೆವರಹನಿಯನ್ನೂ ಎಣಿಸಬಹುದಾದ ಇಂದಿನ ಆಟಗಳ ವೈಭವಕ್ಕೆ. ನಾನು ಹೇಳಹೊರಡುವುದಾದರೋ, ನಾಲ್ಕಾರು ಚುಕ್ಕೆಗಳಲ್ಲಿ ಒಬ್ಬ ಮನುಷ್ಯನನ್ನು ತೋರಿಸಿ ಕೃತಾರ್ಥವಾಗುತ್ತಿದ್ದ ಆಟಗಳ ಕಥೆ. ಹಳೆಯದೆಂಬ ಕಾರಣಕ್ಕೇ ಯಾವುದೂ ಪೂಜ್ಯವಾಗದು. ಆ ಕಾಲದ ಆಟಗಳಲ್ಲಿ ಬಹುಪಾಲು ಮರೆವಿಗೆ ಸಂದದ್ದು ನ್ಯಾಯವೇ ಆಗಿದೆ. ಆದರೂ ಅವುಗಳಲ್ಲಿ ಕೆಲವಕ್ಕೆ, ಇಂದು ವಿರಳವಾಗಿರುವ ಒಂದು ಗುಣವುಂಟು: ಆಡುವವನ ನಡತೆಯನ್ನು ಅವು ಸದ್ದಿಲ್ಲದೆ ಬರೆದಿಟ್ಟುಕೊಳ್ಳುತ್ತವೆ. ಈಗಿನ ಎಷ್ಟೋ ಆಟಗಳಲ್ಲಿ ಒಂದು ಸತ್ಕಾರ್ಯವೆಸಗಿದ ಮರುಕ್ಷಣವೇ ಪರದೆಯ ಮೂಲೆಯಲ್ಲಿ ಅಂಕವೇರುತ್ತದೆ. ಪುಣ್ಯವನ್ನು ಕೂಡಲೇ ರಸೀದಿ ಪಡೆದು ಸಂಪಾದಿಸುವ ಈ ಏರ್ಪಾಡಿನಲ್ಲಿ ಧರ್ಮಕ್ಕಿಂತ ವ್ಯಾಪಾರದ ಬುದ್ಧಿಯೇ ಬೆಳೆಯುತ್ತದೆಂಬುದು ನನ್ನ ಅನುಮಾನ. ಹಳೆಯ ಆಟಗಳಾದರೋ ಚಿತ್ರಗುಪ್ತನಂತೆ ಕಡತವನ್ನು ಒಳಗಿರಿಸಿಕೊಂಡು, ಕಾಲ ಬಂದಾಗ ಮಾತ್ರ ತೆರೆದು ತೋರಿಸುತ್ತವೆ.

1985ರಲ್ಲಿ ಅಮೆರಿಕದ ರಿಚರ್ಡ್ ಗ್ಯಾರಿಯಟ್ ರಚಿಸಿದ ‘ಅಲ್ಟಿಮಾ’ ಮಾಲೆಯ ನಾಲ್ಕನೆಯ ಆಟವನ್ನು ಈ ಪಂಕ್ತಿಯ ಮೊದಲಲ್ಲಿ ಕೂರಿಸಬೇಕು. ಅದಕ್ಕೆ ಹಿಂದಿನ ಮೂರು ಆಟಗಳಲ್ಲಿ ಒಂದಲ್ಲ ಒಂದು ದುಷ್ಟಶಕ್ತಿಯನ್ನು ಸಂಹರಿಸುವುದೇ ಗುರಿಯಾಗಿತ್ತು. ಸಂಹಾರಕ್ಕೆ ಹೊರಟ ವೀರನು ದಾರಿಯಲ್ಲಿ ಅಂಗಡಿಗಳನ್ನು ದೋಚಿದರೂ ನಿರಪರಾಧಿಗಳನ್ನು ಕೊಂದರೂ ವೀರನಾಗಿಯೇ ಉಳಿಯುತ್ತಿದ್ದನು. ನಾಲ್ಕನೆಯದರಲ್ಲಿ ಕೊಲ್ಲಬೇಕಾದ ಖಳನೇ ಇಲ್ಲ. ಸತ್ಯ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಮಾನ, ಆಧ್ಯಾತ್ಮ, ವಿನಯವೆಂಬ ಎಂಟು ಗುಣಗಳನ್ನು ತನ್ನಲ್ಲಿ ಸಿದ್ಧಿಸಿಕೊಂಡು ‘ಅವತಾರ’ವೆನಿಸಿಕೊಳ್ಳುವುದೇ ಅಲ್ಲಿನ ಪುರುಷಾರ್ಥ. ಈ ಹೆಸರು ನಮ್ಮ ನಾಡಿನಿಂದ ಹೋದದ್ದೆಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ. ಗುಣಕ್ಕೊಂದು ಗುಡಿ, ಗುಡಿಗೊಂದು ಮಂತ್ರ, ಮಂತ್ರವನ್ನು ಕೀಲಿಮಣೆಯಲ್ಲಿ ಒತ್ತಿ ಧ್ಯಾನಕ್ಕೆ ಕೂರುವ ಕ್ರಮ, ಇವೂ ಅಲ್ಲಿವೆ.

ಆದರೆ ಆ ಆಟದ ಹಿರಿಮೆ ಗುಡಿಯಲ್ಲಿಲ್ಲ, ಅಂಗಡಿಯಲ್ಲಿದೆ. ಮಂತ್ರವಿದ್ಯೆಗೆ ಬೇಕಾದ ಬೆಳ್ಳುಳ್ಳಿ, ಜೇಡರನೂಲು, ಗಂಧಕದ ಬೂದಿ ಮುಂತಾದುವನ್ನು ಮಾರುವ ಕುರುಡಿಯೊಬ್ಬಳು ಅಲ್ಲಿ ಕುಳಿತಿರುತ್ತಾಳೆ. ಸರಕಿನ ಬೆಲೆಯನ್ನು ಹೇಳುವವಳು ಅವಳು, ಕೊಟ್ಟ ಹಣವೆಷ್ಟೆಂದು ನಮೂದಿಸುವವರು ನಾವು. ರಾಶಿ ಸರಕಿಗೆ ಒಂದೇ ಒಂದು ನಾಣ್ಯವನ್ನಿತ್ತರೂ ಆಕೆ ಆಕ್ಷೇಪಿಸಳು. ಗಂಟೆ ಬಾರಿಸದು, ಕಾವಲುಗಾರ ಬಾರನು, ಪರದೆಯ ಮೇಲೆ ಒಂದಕ್ಷರವೂ ಮೂಡದು. ಎಷ್ಟೋ ಕಾಲದ ಅನಂತರ ಸತ್ಯದ ಗುಡಿಯಲ್ಲಿ ಧ್ಯಾನಕ್ಕೆ ಕುಳಿತಾಗ, ಇನ್ನೂ ಪಕ್ವವಾಗಿಲ್ಲವೆಂದು ಹಿಂದಕ್ಕೆ ಕಳುಹಿಸಲ್ಪಡುವಾಗಲಷ್ಟೇ, ಆ ದಿನ ಉಳಿಸಿಕೊಂಡ ನಾಣ್ಯಗಳ ನೆನಪಾಗುವುದು. ಮಕ್ಕಳ ಆಟಿಕೆಯೆಂದು ಹಿರಿಯರು ಮೂಗು ಮುರಿಯುತ್ತಿದ್ದ ಯಂತ್ರವೊಂದರಲ್ಲಿ ಇಂತಹ ಸೂಕ್ಷ್ಮವನ್ನು ಇರಿಸಿದಾತನಿಗೆ ಆಗ ಇಪ್ಪತ್ತೈದು ವರ್ಷವೂ ತುಂಬಿರಲಿಲ್ಲ.

ಎರಡನೆಯದು 1999ರಲ್ಲಿ ಬ್ಲ್ಯಾಕ್ ಐಲ್ ಸ್ಟುಡಿಯೋಸ್ ಹೊರತಂದ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’. ಸಿಗಿಲ್ ಎಂಬ ವಿಚಿತ್ರ ನಗರದ ಶವಾಗಾರದಲ್ಲಿ, ಕಲ್ಲಿನ ಹಾಸಿನ ಮೇಲೆ, ತನ್ನ ಹೆಸರನ್ನೂ ಅರಿಯದ ಒಬ್ಬನು ಕಣ್ಣು ತೆರೆಯುತ್ತಾನೆ. ಗಾಳಿಯಲ್ಲಿ ತೇಲುವ, ನಾಲಗೆಗೆ ಹಿಡಿತವೇ ಇಲ್ಲದ ತಲೆಬುರುಡೆಯೊಂದು ಅವನಿಗೆ ಸಂಗಾತಿಯಾಗುತ್ತದೆ. ಇತರ ಆಟಗಳಲ್ಲಿ ಮರಣವೆಂದರೆ ಸೋಲು. ಇಲ್ಲಿ ಸಾಯಲಾರದಿರುವುದೇ ನಾಯಕನ ವ್ಯಾಧಿ. ಹೆಚ್ಚಿನ ಕಾಳಗಗಳನ್ನು ಮಾತಿನಿಂದಲೇ ನಿವಾರಿಸಬಹುದಾದುದರಿಂದ, ತೋಳ್ಬಲಕ್ಕಿಂತ ವಿವೇಕಕ್ಕೆ ಹೆಚ್ಚು ಅಂಕಗಳನ್ನಿತ್ತು ಆರಂಭಿಸುವವನೇ ಜಾಣನು. ಮಾತುಕತೆಯಲ್ಲಿ ಒಂದೇ ಉತ್ತರವು ಕೆಲವೆಡೆ ಎರಡು ಸಲ, ಒಮ್ಮೆ ನಿಜವೆಂದೂ ಒಮ್ಮೆ ಸುಳ್ಳೆಂದೂ ಗುರುತು ಹೊತ್ತು ನಮ್ಮ ಮುಂದೆ ನಿಲ್ಲುವುದುಂಟು. ಎದುರಿಗಿರುವವನ ಕಿವಿಗೆ ಎರಡೂ ಒಂದೇ. ಅಂತರವೆಲ್ಲ ನಮ್ಮ ಅಂತರಂಗದಲ್ಲಿ, ಮತ್ತು ಆ ಕಡತದಲ್ಲಿ.

ಹೆಸರು ಕೇಳಿದವರಿಗೆಲ್ಲ ‘ಅಡಾನ್’ ಎಂದು ಸುಳ್ಳು ಹೇಳುತ್ತ ಹೋಗುವ ಅವಕಾಶ ಈ ಆಟದಲ್ಲಿದೆ. ನಂಬಿಕೆಯೇ ವಸ್ತುವಾಗಿ ಘನೀಭವಿಸುವ ಲೋಕವದು. ಸಾಕಷ್ಟು ಮಂದಿ ನಂಬಿದ ಮೇಲೆ ಅಡಾನ್ ಎಂಬ ಹೆಸರಿನ ಮನುಷ್ಯನೊಬ್ಬನು ನಿಜವಾಗಿಯೂ ಹುಟ್ಟಿ, ಊರಿನ ಪಾನಗೃಹದಲ್ಲಿ ನಮ್ಮನ್ನು ಎದುರುಗೊಳ್ಳುತ್ತಾನೆ! ಅಸತ್ಯದ ಪರಿಣಾಮವನ್ನು ಕುರಿತು ನಾನು ಕೇಳಿದ ಯಾವ ಉಪನ್ಯಾಸವೂ ನನ್ನನ್ನು ಇಷ್ಟು ಬೆಚ್ಚಿಸಿದ್ದಿಲ್ಲ.

ಇನ್ನು ಭಯಾನಕ ರಸದ ಆಟಗಳು. ಇವುಗಳಿಗೂ, ಪಾತ್ರಾಭಿನಯದ ಆಟಗಳಾದ ಮೇಲಿನವೆರಡಕ್ಕೂ ನಂಟು ಹಳೆಯದು. 1989ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ ಹೊರತಂದ ‘ಸ್ವೀಟ್ ಹೋಮ್’ ಎಂಬುದು ದೆವ್ವದ ಬಂಗಲೆಯೊಳಗೆ ನಡೆಯುವ ಪಾತ್ರಾಭಿನಯದ ಆಟವೇ ಆಗಿತ್ತು; 1996ರ ‘ರೆಸಿಡೆಂಟ್ ಈವಿಲ್’ ಅದರ ಸಂತಾನ. ಈ ಸಂತಾನದ ಬಂಗಲೆಯಲ್ಲಿ ಆಟವನ್ನು ಉಳಿಸಿಕೊಳ್ಳಬೇಕಾದರೆ ಟೈಪ್‌ರೈಟರಿಗೆ ಒಂದೊಂದು ಸಲವೂ ಒಂದೊಂದು ರಿಬ್ಬನ್ನು ತೆರಬೇಕು. ಭಯವೆಂಬುದು ಪ್ರೇತಗಳಲ್ಲಿರದೆ ಕೈಯಲ್ಲುಳಿದ ರಿಬ್ಬನ್ನಿನ ಸಂಖ್ಯೆಯಲ್ಲಿರುತ್ತದೆಂದು ನನಗೆ ತಿಳಿದದ್ದು ಅಲ್ಲಿಯೇ.

ನನ್ನ ಮೂರನೆಯ ಆಯ್ಕೆ ಮಾತ್ರ ಅದಲ್ಲ, 2001ರಲ್ಲಿ ಕೊನಾಮಿ ಪ್ರಕಟಿಸಿದ ‘ಸೈಲೆಂಟ್ ಹಿಲ್ 2’. ಮೂರು ವರ್ಷದ ಹಿಂದೆ ತೀರಿಹೋದ ಹೆಂಡತಿಯಿಂದ ಪತ್ರ ಬಂತೆಂದು ಜೇಮ್ಸ್ ಎಂಬವನು ಮಂಜು ಕವಿದ ಊರಿಗೆ ಬರುತ್ತಾನೆ. ಕಿಸೆಯ ರೇಡಿಯೋ ಗೊರಗುಟ್ಟಿದರೆ ಸಮೀಪದಲ್ಲೇನೋ ಇದೆಯೆಂದರ್ಥ. ಏನೆಂಬುದನ್ನು ಮಂಜು ಹೇಳಗೊಡದು. ಕಥೆಯ ಕೊನೆಗಳು ಹಲವುಂಟು, ಆದರೆ ಯಾವುದು ಬೇಕೆಂದು ಆಟವು ನಮ್ಮನ್ನು ಕೇಳುವುದೇ ಇಲ್ಲ. ಗಾಯಗೊಂಡಾಗ ಬೇಗನೆ ಔಷಧಿ ತೆಗೆದುಕೊಂಡೆವೋ ಅಥವಾ ಹಾಗೆಯೇ ನರಳುತ್ತ ನಡೆದೆವೋ, ಹೆಂಡತಿಯ ಭಾವಚಿತ್ರವನ್ನು ತೆಗೆದು ನೋಡಿದೆವೋ, ನೊಂದ ಹುಡುಗಿಯೊಬ್ಬಳು ಒಪ್ಪಿಸಿಹೋದ ಚಾಕುವನ್ನು ದಿಟ್ಟಿಸಿದೆವೋ, ಇಂತಹ ಅಲ್ಪವೆಂದು ತೋರುವ ಚೇಷ್ಟೆಗಳನ್ನೆಲ್ಲ ಅದು ಗಮನಿಸಿ, ಈತನಿಗೆ ಬದುಕುವ ಇಚ್ಛೆಯಿದೆಯೇ ಎಂಬುದನ್ನು ತಾನೇ ಊಹಿಸಿ, ಅದಕ್ಕೆ ತಕ್ಕ ಮುಕ್ತಾಯವನ್ನು ದಯಪಾಲಿಸುತ್ತದೆ. ಅಲ್ಟಿಮಾದ ಕಡತದಲ್ಲಿರುವುದು ನಮ್ಮ ಕರ್ಮಗಳ ಲೆಕ್ಕ. ಇಲ್ಲಿಯದು ಮನಸ್ಸಿನದೇ ಲೆಕ್ಕ. ಮಕ್ಕಳಿಗೆ ಇದು ಸಲ್ಲದು. ಆತ್ಮೀಯರನ್ನು ಈಚೆಗಷ್ಟೇ ಕಳೆದುಕೊಂಡವರಿಗೂ ನಾನಿದನ್ನು ಸೂಚಿಸಲಾರೆ.

ಇವು ಇಂದಿಗೂ ದುರ್ಲಭವಲ್ಲ. ಪೋಲೆಂಡಿನಲ್ಲಿ 2008ರಲ್ಲಿ ಆರಂಭವಾದ ಜಿಒಜಿ ಎಂಬ ಮಳಿಗೆಯು ಹಳೆಯ ಆಟಗಳನ್ನು ಇಂದಿನ ಯಂತ್ರಗಳಿಗೆ ಹೊಂದಿಸಿ ಮಾರುತ್ತದೆ. ನಾಲ್ಕನೆಯ ಅಲ್ಟಿಮಾ ಅಲ್ಲಿ ಉಚಿತವಾಗಿಯೇ ದೊರೆಯುತ್ತ ಬಂದಿದೆ. ಟಾರ್ಮೆಂಟಿಗೆ 2017ರಲ್ಲಿಯೂ ಸೈಲೆಂಟ್ ಹಿಲ್ಲಿಗೆ 2024ರಲ್ಲಿಯೂ ಹೊಸ ರೂಪಗಳು ಬಂದಿವೆ. ಅಲ್ಟಿಮಾ ಆಡುವವರು ಬಳಿಯಲ್ಲಿ ಒಂದು ನೋಟುಪುಸ್ತಕವನ್ನೂ ಪೆನ್ಸಿಲನ್ನೂ ಇರಿಸಿಕೊಳ್ಳಬೇಕು. ಯಾವ ಊರಿನಲ್ಲಿ ಯಾರು ಯಾವ ಮಂತ್ರವನ್ನು ಹೇಳಿದರೆಂಬುದನ್ನು ಆಟವು ನಿಮ್ಮ ಪರವಾಗಿ ಬರೆದಿಡದು. ಮೂರನ್ನೂ ಆಡಲು ಬಿಡುವಿಲ್ಲದವರು ಟಾರ್ಮೆಂಟನ್ನೇ ಆರಿಸಿಕೊಳ್ಳಲಿ. ಯಾವುದನ್ನೇ ಆಡಲಿ, ಮೊದಲ ಸಲ ಮುಗಿಯುವವರೆಗೆ, ಹೆಜ್ಜೆಹೆಜ್ಜೆಗೂ ದಾರಿ ಹೇಳಿಕೊಡುವ ಕೈಪಿಡಿಗಳನ್ನು ದಯಮಾಡಿ ತೆರೆಯಬೇಡಿ.