ಕೋಷ್ಟಕದ ಸೊಗಸು

ಚೆನ್ನಾದ ಜಾಲಪುಟ ಕಂಡರೆ ಅದರ ಒಳಗನ್ನು ಇಣುಕಿ ನೋಡದೆ ನನಗೆ ಸಮಾಧಾನವಿಲ್ಲ. ಬ್ರೌಸರಿನ 'ಇನ್‌ಸ್ಪೆಕ್ಟ್' ತೆರೆದು ಯಾವ ಟ್ಯಾಗ್ ಬಳಸಿದ್ದಾರೆ, ಅಂಚಿನಲ್ಲಿ ಎಷ್ಟು ಜಾಗ ಬಿಟ್ಟಿದ್ದಾರೆ ಎಂದು ನೋಡುತ್ತಾ ಕೂತರೆ ಊಟದ ಹೊತ್ತೂ ಮರೆತುಹೋಗುತ್ತದೆ. ಅದರಲ್ಲೂ ವಿಜ್ಞಾನ ಸಂಸ್ಥೆಗಳ ತಾಣಗಳ ಮೇಲೆ ಪ್ರೀತಿ ಹೆಚ್ಚು. ಮಾರುವ ತರಾತುರಿ ಅಲ್ಲಿಲ್ಲ. ಒಂದು ಅಂಕಿ ತಪ್ಪಿಲ್ಲದೆ ಓದಿಸಿಕೊಂಡರೆ ಕೆಲಸ ಗೆದ್ದಂತೆ.

ಪುಟ ಕಟ್ಟುವ ಈ ಕಸುಬು ಹುಟ್ಟಿದ್ದೂ ವಿಜ್ಞಾನಿಗಳ ನಡುವೆಯೇ. ಟಿಮ್ ಬರ್ನರ್ಸ್-ಲೀ 1989ರಲ್ಲಿ ವೆಬ್ಬಿನ ಪ್ರಸ್ತಾವ ಬರೆದದ್ದು ಜಿನೀವಾ ಬಳಿಯ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನಲ್ಲಿ. ಪುಟದ ಬಣ್ಣ, ಅಕ್ಷರ, ಅಂತರಗಳನ್ನೆಲ್ಲ ಬೇರೆಯಾಗಿ ಬರೆದಿಡುವ ಸಿಎಸ್‌ಎಸ್‌ನ ಮೊದಲ ಕರಡು 1994ರಲ್ಲಿ ಹೊರಬಿದ್ದದ್ದೂ ಅಲ್ಲಿಂದಲೇ.

ನನ್ನ ಅಚ್ಚುಮೆಚ್ಚು, ಇಎಂಬಿಎಲ್ ಎಂಬ ಯುರೋಪಿನ ಆಣ್ವಿಕ ಜೀವವಿಜ್ಞಾನ ಪ್ರಯೋಗಾಲಯ ಕಟ್ಟಿದ 'ವಿಷುಯಲ್ ಫ್ರೇಮ್‌ವರ್ಕ್'. ಹೈಡೆಲ್‌ಬರ್ಗ್‌ನಿಂದ ಬಾರ್ಸಿಲೋನಾದವರೆಗೆ ಆರು ಊರುಗಳಲ್ಲಿ ಹರಡಿಕೊಂಡ ಸಂಸ್ಥೆ ಅದು. ಒಂದೊಂದು ತಂಡವೂ ತನ್ನದೇ ಬಟನ್, ತನ್ನದೇ ಮೆನು ಮಾಡುತ್ತಾ ಹೋದರೆ ಓದುವವರು ಪ್ರತಿ ತಾಣದಲ್ಲೂ ದಾರಿ ಹೊಸದಾಗಿ ಹುಡುಕಬೇಕು. ಅದಕ್ಕೇ ವಿಎಫ್-ಬಟನ್, ವಿಎಫ್-ಕಾರ್ಡ್, ವಿಎಫ್-ಟೇಬಲ್ ಎಂದು ಬಿಡಿಭಾಗಗಳನ್ನು ಮಾಡಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿದ್ದಾರೆ. ಒಂದು ಕಡೆ ತಿದ್ದಿದ್ದು, ಹೊಸ ಆವೃತ್ತಿ ಹಾಕಿಕೊಂಡ ತಾಣಗಳಿಗೆಲ್ಲ ತಲುಪುತ್ತದೆ.

ಆದರೆ ನಿಜವಾದ ಸೊಗಸಿರುವುದು ಕೋಷ್ಟಕದಲ್ಲಿ. ಎಷ್ಟೋ ಫಾಂಟ್‌ಗಳಲ್ಲಿ 1 ಸಣಕಲು, 8 ದಪ್ಪ. 11.14ರ ಕೆಳಗೆ 88.08 ಬಂದರೆ ದಶಮಾಂಶದ ಚುಕ್ಕೆಗಳು ಅತ್ತಿತ್ತ ಸರಿದು ಅಂಕಣವೇ ಸೊಟ್ಟಗಾಗುತ್ತದೆ. ಆಗ ಸಿಎಸ್‌ಎಸ್‌ನಲ್ಲಿ 'ಟ್ಯಾಬ್ಯುಲರ್-ನಮ್ಸ್' ಎಂಬ ಒಂದು ಸಾಲು ಬರೆದು ಅಂಕಣವನ್ನು ಬಲಕ್ಕೆ ಹೊಂದಿಸಬೇಕು. ಫಾಂಟ್‌ನಲ್ಲಿ ಆ ಸೌಲಭ್ಯವಿದ್ದರೆ ಅಂಕಿಗಳೆಲ್ಲ ಒಂದೇ ಅಗಲಕ್ಕೆ ಬಂದು ಚುಕ್ಕೆಯ ಕೆಳಗೆ ಚುಕ್ಕೆ ನಿಲ್ಲುತ್ತದೆ. ಓದುವ ಮೊದಲೇ ದೊಡ್ಡ ಸಂಖ್ಯೆ ಯಾವುದೆಂದು ಕಣ್ಣಿಗೆ ಗೊತ್ತಾಗುತ್ತದೆ. ಆ ಕ್ಷಣದ ಖುಷಿ ನನಗೆ ಯಾವ ಥಳುಕಿನ ಅನಿಮೇಷನ್ನೂ ಕೊಟ್ಟಿಲ್ಲ.

ಓರೆ ಅಕ್ಷರವೂ ಇಲ್ಲಿ ಅಲಂಕಾರವಲ್ಲ. ಮನುಷ್ಯನ ಜೀನ್‌ನ ಹೆಸರು ಓರೆಯಾಗಿ, ಅದರಿಂದಾಗುವ ಪ್ರೋಟೀನ್‌ನ ಹೆಸರು ನೇರವಾಗಿ ಬರೆಯುವುದು ಜೀವವಿಜ್ಞಾನದ ರೂಢಿ. ಶೀರ್ಷಿಕೆಯ ಸ್ಟೈಲ್ ಆ ಓರೆಯನ್ನು ನುಂಗಿಬಿಟ್ಟರೆ ಬಿಆರ್‌ಸಿಎ1 ಎಂದದ್ದು ಜೀನ್‌ಗೋ ಪ್ರೋಟೀನ್‌ಗೋ ತಿಳಿಯುವುದಿಲ್ಲ. ಬಿಡಿಭಾಗ ಮಾಡುವವರಿಗೆ ಇದು ಮೊದಲೇ ಗೊತ್ತಿರಬೇಕು.

ಬಣ್ಣದ್ದೂ ಹಾಗೆಯೇ. ನಕ್ಷೆಗಳಲ್ಲಿ ಕಾಮನಬಿಲ್ಲಿನ ಬಣ್ಣ ಬಳಿದರೆ ದತ್ತಾಂಶದಲ್ಲಿ ಇಲ್ಲದ ಗೆರೆಗಳು ಕಾಣುತ್ತವೆ; ಕೆಂಪು-ಹಸಿರು ಬೇರ್ಪಡಿಸಲಾಗದ ಕಣ್ಣುಗಳಿಗಂತೂ ಗೊಂದಲವೇ. ಮ್ಯಾಟ್‌ಪ್ಲಾಟ್‌ಲಿಬ್ ಎಂಬ ನಕ್ಷೆ ಬಿಡಿಸುವ ತಂತ್ರಾಂಶ 2017ರ ಆವೃತ್ತಿಯಲ್ಲಿ ಆ ಹಳೆಯ ಕಾಮನಬಿಲ್ಲನ್ನು ಬಿಟ್ಟು, ನೇರಳೆಯಿಂದ ಹಳದಿಗೆ ಸಮನಾಗಿ ಬೆಳಗುತ್ತಾ ಹೋಗುವ 'ವಿರಿಡಿಸ್' ಅನ್ನು ಮೂಲ ಆಯ್ಕೆಯಾಗಿಸಿದ್ದು ದೊಡ್ಡ ಉಪಕಾರ.

ವಿಜ್ಞಾನ ಸಂಸ್ಥೆಗಳಿಗೆ ತಾಣ ಕಟ್ಟುವವರಲ್ಲಿ ನನ್ನದೊಂದೇ ಕೋರಿಕೆ: ಮುಖಪುಟದ ದೊಡ್ಡ ಚಿತ್ರಕ್ಕೆ ಕೊಡುವ ಸಮಯದಲ್ಲಿ ಅರ್ಧವನ್ನಾದರೂ ಒಳಪುಟದ ಕೋಷ್ಟಕಕ್ಕೆ ಕೊಡಿ. ಸಂಶೋಧಕರು ಬರುವುದು ಅದನ್ನು ಓದಲಿಕ್ಕೇ.