ಎರಡನೆಯ ಪ್ರತಿ

ಸಿ ಡ್ರೈವಿನ ನೀಲಿ ಪಟ್ಟಿ ಕೆಂಪಾಗುವವರೆಗೆ ಮನೆಯ ಕಂಪ್ಯೂಟರಿನಲ್ಲಿ ಏನೇನು ತುಂಬಿದೆ ಎಂದು ಯಾರೂ ವಿಚಾರಿಸುವುದಿಲ್ಲ. ಕೆಂಪಾದ ದಿನ ಹುಡುಕಾಟ ಶುರುವಾಗುತ್ತದೆ. ಮಗಳ ನಾಮಕರಣದ ಫೋಟೊಗಳು, ಮೊಬೈಲ್ ಬದಲಿಸಿದಾಗಲೆಲ್ಲ ತಂದು ಸುರಿದ ವಾಟ್ಸ್‌ಆ್ಯಪ್ ಚಿತ್ರಗಳು, ಮದುವೆ ಫೋಟೊಗ್ರಾಫರ್ ಪೆನ್‌ಡ್ರೈವಿನಲ್ಲಿ ಕೊಟ್ಟ ವಿಡಿಯೊ, ಸ್ಕ್ಯಾನ್ ಮಾಡಿಟ್ಟ ಪಹಣಿ, ಮಾರ್ಕ್ಸ್ ಕಾರ್ಡು, ಒಂದು ‘ನ್ಯೂ ಫೋಲ್ಡರ್’, ಅದರೊಳಗೆ ಇನ್ನೊಂದು ‘ನ್ಯೂ ಫೋಲ್ಡರ್’. ಯಾವುದನ್ನು ಅಳಿಸುವುದಕ್ಕೂ ಮನಸ್ಸು ಬಾರದು. ಕೊನೆಗೆ ಬೆಂಗಳೂರಿನವರು ಎಸ್.ಪಿ. ರೋಡಿಗೆ ಹೋಗಿಯೋ, ಊರಿನವರು ಆನ್‌ಲೈನಿನಲ್ಲಿ ತರಿಸಿಯೋ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಳ್ಳುತ್ತಾರೆ.

ಅದನ್ನು ಯಾಕೆ ಕೊಂಡರು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಜಾಗ ಖಾಲಿ ಮಾಡಲು ತಂದ ಡಿಸ್ಕೇ ಬೇರೆ, ಇರುವುದನ್ನು ಉಳಿಸಿಕೊಳ್ಳಲು ತಂದ ಡಿಸ್ಕೇ ಬೇರೆ. ಎರಡೂ ಒಂದೇ ಅಂಗಡಿಯ ಒಂದೇ ಡಬ್ಬಿಯಿಂದ ಬರುವುದರಿಂದ ಬಹಳ ಮನೆಗಳಲ್ಲಿ ಇವೆರಡೂ ಕಲಸಿಹೋಗುತ್ತವೆ.

ಡಬ್ಬಿಯೊಳಗಿರುವ ವಸ್ತು ಅಂಗೈಯಗಲ. ಇದರ ಮೂಲಪುರುಷನನ್ನು ಐಬಿಎಂ ಕಂಪನಿ 1956ರಲ್ಲಿ ಹೊರತಂದಿತು. ಎರಡು ಅಡಿ ವ್ಯಾಸದ 50 ತಟ್ಟೆಗಳಿದ್ದ, ಸುಮಾರು ಒಂದು ಟನ್ ತೂಕದ ಆ ಬೀರುವಿನಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು. ಇವತ್ತಿನ ಮೊಬೈಲಿನ ಒಂದೆರಡು ಫೋಟೊಗಳಿಗೇ ಆ ಜಾಗ ಸಾಲದು. ಈ ಕುಗ್ಗುವಿಕೆಯಲ್ಲಿ ಭೌತವಿಜ್ಞಾನದ ದೊಡ್ಡ ಪಾಲಿದೆ. ಅತಿ ತೆಳುವಾದ ಲೋಹದ ಪದರಗಳು ಸಣ್ಣ ಕಾಂತಕ್ಷೇತ್ರಕ್ಕೂ ತಮ್ಮ ವಿದ್ಯುತ್ ರೋಧವನ್ನು ಬಹಳವಾಗಿ ಬದಲಿಸುತ್ತವೆ ಎಂದು ಆಲ್ಬರ್ಟ್ ಫರ್ಟ್ ಮತ್ತು ಪೀಟರ್ ಗ್ರುನ್‌ಬರ್ಗ್ 1988ರಲ್ಲಿ ಬೇರೆಬೇರೆಯಾಗಿ ಕಂಡುಕೊಂಡರು. ಆ ತತ್ತ್ವದ ಮೇಲೆ ಮಾಡಿದ, ತಟ್ಟೆಯ ಕಾಂತೀಯ ಬರಹವನ್ನು ಓದುವ ಸೂಕ್ಷ್ಮ ಹೆಡ್ಡುಗಳು ಬಂದ ಮೇಲೆ ಅದೇ ತಟ್ಟೆಯ ಮೇಲೆ ಎಷ್ಟೋ ಪಟ್ಟು ಹೆಚ್ಚು ಬರೆಯಲು ಸಾಧ್ಯವಾಯಿತು. ಇಬ್ಬರಿಗೂ 2007ರಲ್ಲಿ ನೊಬೆಲ್ ಬಂತು.

ಒಳಗಿನ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90. ಎರಡೂವರೆ ಇಂಚಿನ ಆ ತಟ್ಟೆಯ ಅಂಚು ಗಂಟೆಗೆ ಅರವತ್ತು ಕಿಲೋಮೀಟರು ಮೀರಿದ ವೇಗದಲ್ಲಿ ಓಡುತ್ತಿರುತ್ತದೆ. ಓದುವ ಹೆಡ್ಡು ಅದನ್ನು ಮುಟ್ಟುವುದಿಲ್ಲ. ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತದೆ. ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೊಮೀಟರ್ ಎಂದು ನೆನೆದರೆ, ಡಿಸ್ಕು ಓಡುತ್ತಿರುವಾಗ ಅದನ್ನು ಎತ್ತಿ ಪಕ್ಕಕ್ಕಿಡುವುದು ಯಾಕೆ ಕೂಡದು ಎಂದು ತಿಳಿಯುತ್ತದೆ. ಕಾಪಿ ಆಗುತ್ತಿರುವಾಗ ಮಕ್ಕಳ ಕಾಲಿಗೆ ವೈರು ಸಿಕ್ಕುವ ಕಡೆ ಅದನ್ನು ಇಡಲೇಬಾರದು.

ಇನ್ನು ಜೋಡಿಸುವ ಕೆಲಸ. ಮೊದಲ ತಕರಾರು ಸಾಮಾನ್ಯವಾಗಿ ಕರೆಂಟಿನದು. ಈ ಚಿಕ್ಕ ಡಿಸ್ಕುಗಳಿಗೆ ಬೇರೆ ಅಡಾಪ್ಟರ್ ಇರುವುದಿಲ್ಲ, ಯುಎಸ್‌ಬಿ ತಂತಿಯಿಂದಲೇ ಶಕ್ತಿ ಹೀರುತ್ತವೆ. ಹಳೆಯ ಡೆಸ್ಕ್‌ಟಾಪಿನ ಮುಂಭಾಗದ ಪೋರ್ಟಿಗೆ ಸಿಕ್ಕಿಸಿದರೆ ದೀಪ ಮಿನುಗುತ್ತದೆ, ಒಳಗೆ ಸಣ್ಣಗೆ ಟಿಕ್ ಟಿಕ್ ಎನ್ನುತ್ತದೆ, ಪರದೆಯ ಮೇಲೆ ಮಾತ್ರ ಏನೂ ಕಾಣಿಸುವುದಿಲ್ಲ. ಡಿಸ್ಕೇ ಕೆಟ್ಟಿದೆ ಎಂದು ಅಂಗಡಿಗೆ ಓಡುವ ಮೊದಲು ಕ್ಯಾಬಿನೆಟ್ಟಿನ ಹಿಂಭಾಗದ ಪೋರ್ಟಿಗೆ, ಡಬ್ಬಿಯಲ್ಲಿ ಬಂದ ಗಿಡ್ಡ ಕೇಬಲ್ಲನ್ನೇ ಹಾಕಿ ನೋಡಬೇಕು. ಒಳಗಿನ ಪ್ಲಾಸ್ಟಿಕ್ ನೀಲಿಯಾಗಿದ್ದರೆ ಅದು ಬಹುಮಟ್ಟಿಗೆ ಯುಎಸ್‌ಬಿ 3. ಅದರಲ್ಲಿ ಸೆಕೆಂಡಿಗೆ 100 ಎಂಬಿ ಆಸುಪಾಸಿನ ವೇಗ ಸಿಗುತ್ತದೆ. ಹಳೆಯ ಯುಎಸ್‌ಬಿ 2ರಲ್ಲಿ 30 ದಾಟಿದರೆ ಹೆಚ್ಚು. 500 ಜಿಬಿ ಸಾಗಿಸುವವರಿಗೆ ಇದು ಒಂದೂವರೆ ಗಂಟೆಗೂ ಸುಮಾರು ಐದು ಗಂಟೆಗೂ ಇರುವ ಅಂತರ.

ಡಿಸ್ಕು ಕಾಣಿಸಿಕೊಂಡ ಕೂಡಲೇ ಎರಡನೆಯ ತಕರಾರು: ಡಬ್ಬಿಯ ಮೇಲೆ 1 ಟಿಬಿ ಎಂದಿದೆ, ವಿಂಡೋಸ್ ತೋರಿಸುವುದು 931 ಜಿಬಿ. ಇದರಲ್ಲಿ ಮೋಸವೇನೂ ಇಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಅದೇ ಡಿಸ್ಕನ್ನು ಆ್ಯಪಲ್ ಕಂಪ್ಯೂಟರಿಗೆ ಹಾಕಿದರೆ ಪೂರಾ 1 ಟಿಬಿ ತೋರಿಸುತ್ತದೆ.

ಜಾಗ ಇಷ್ಟಿದ್ದರೂ ಮದುವೆ ವಿಡಿಯೊ ಒಳಗೆ ಹೋಗಲೊಲ್ಲದು ಎಂಬ ಪೇಚು ಇನ್ನು ಕೆಲವರದು. ಆ ಡಿಸ್ಕು ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲನ್ನು ಅದು ಹಿಡಿಯದು. ಮನೆಯಲ್ಲಿರುವುದೆಲ್ಲ ವಿಂಡೋಸ್ ಆದರೆ ಎನ್‌ಟಿಎಫ್‌ಎಸ್ ಒಳ್ಳೆಯದು. ಕಾಪಿ ನಡುವೆ ಕರೆಂಟು ಹೋಗುವುದು ನಮ್ಮ ಕಡೆ ಹೊಸದಲ್ಲವಲ್ಲ. ಎನ್‌ಟಿಎಫ್‌ಎಸ್ ತಾನು ಮಾಡುವ ಬದಲಾವಣೆಗಳ ಜಮಾಖರ್ಚು ಬರೆದಿಟ್ಟುಕೊಳ್ಳುವುದರಿಂದ ಅಂಥ ಹೊಡೆತವನ್ನು ಹೆಚ್ಚು ತಾಳಿಕೊಳ್ಳುತ್ತದೆ. ಮಗನದು ಮ್ಯಾಕ್, ಅಪ್ಪನದು ವಿಂಡೋಸ್ ಎಂದಾದರೆ ಎಕ್ಸ್‌ಫ್ಯಾಟ್ ಬೇಕು. ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಆದರೆ ಹಾಗೆಯೇ ಅದರ ಮೇಲೆ ಬರೆಯುವುದಿಲ್ಲ. ಏನೇ ಆಗಲಿ, ಫಾರ್ಮ್ಯಾಟ್ ಮಾಡುವುದು ಡಿಸ್ಕು ಖಾಲಿ ಇರುವಾಗ ಮಾತ್ರ. ವರ್ಷಗಟ್ಟಲೆ ಬಳಸಿದ ಡಿಸ್ಕನ್ನು ಸಿಕ್ಕಿಸಿದಾಗ ಒಂದು ದಿನ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಚೌಕಟ್ಟು ಎದ್ದುಬಂದರೆ ‘ಸರಿ’ ಒತ್ತುವ ಕೈಯನ್ನು ಹಿಡಿದುಕೊಳ್ಳಬೇಕು. ಆ ಮಾತಿನ ಅರ್ಥ, ಒಳಗಿರುವುದನ್ನು ಓದಲು ಆಗುತ್ತಿಲ್ಲ ಎಂದಷ್ಟೇ. ಒಳಗೆ ಏನೂ ಇಲ್ಲ ಎಂದಲ್ಲ. ಬಲ್ಲವರ ಕೈಗೆ ಹೋದರೆ ಎಷ್ಟೋ ಬಾರಿ ಫೋಟೊಗಳು ಸಿಗುತ್ತವೆ.

ಇಷ್ಟಾದ ಮೇಲೆ ನಡೆಯುವ ಒಂದು ಕ್ರಿಯೆಯಲ್ಲಿ ಇಡೀ ಶ್ರಮ ವ್ಯರ್ಥವಾಗುವ ಅಪಾಯವಿದೆ: ಕಟ್, ಪೇಸ್ಟ್. ಫೋಟೊಗಳೆಲ್ಲ ಹೊಸ ಡಿಸ್ಕಿಗೆ ಹೋದವು, ಸಿ ಡ್ರೈವ್ ಮತ್ತೆ ನೀಲಿಯಾಯಿತು, ಮನೆಯವರಿಗೆ ನೆಮ್ಮದಿ. ಆದರೆ ನಿನ್ನೆ ಒಂದು ಕಡೆ ಇದ್ದದ್ದು ಇವತ್ತೂ ಒಂದೇ ಕಡೆ ಇದೆ, ಅದೂ ಮೇಜಿನಿಂದ ಜಾರಿ ಬೀಳಬಲ್ಲ ವಸ್ತುವಿನಲ್ಲಿ. ಕಾಪಿ ಮಾಡಿ, ಮೂಲವನ್ನು ಇದ್ದಲ್ಲೇ ಬಿಟ್ಟರೆ ಮಾತ್ರ ಅದಕ್ಕೆ ಬ್ಯಾಕಪ್ ಎನ್ನಬಹುದು. ಕಂಪ್ಯೂಟರಿನಲ್ಲಿ ಜಾಗವೇ ಇಲ್ಲ ಎನ್ನುವವರು ಎರಡು ಡಿಸ್ಕು ಕೊಳ್ಳಬೇಕು. ಇದು ದುಂದು ಅಲ್ಲ.

ದೊಡ್ಡ ಸಂಸ್ಥೆಗಳೂ ಈ ಪಾಠವನ್ನು ಕಷ್ಟಪಟ್ಟೇ ಕಲಿತಿವೆ. ಅಮೆರಿಕದ ಪಿಕ್ಸಾರ್ ಸ್ಟುಡಿಯೊದಲ್ಲಿ 1998ರಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ಒಂದು ಅಳಿಸುವ ಆಜ್ಞೆಯಿಂದ ಚಿತ್ರದ ಫೈಲುಗಳು ಕಣ್ಣೆದುರೇ ಮಾಯವಾಗತೊಡಗಿದವು. ಬ್ಯಾಕಪ್ ಇತ್ತು, ಆದರೆ ಅದು ಸರಿಯಾಗಿ ಆಗುತ್ತಿರಲೇ ಇಲ್ಲ ಎಂಬುದು ಆಮೇಲೆ ತಿಳಿಯಿತು. ಚಿತ್ರವನ್ನು ಉಳಿಸಿದ್ದು ಗ್ಯಾಲಿನ್ ಸಸ್ಮನ್ ಎಂಬ ತಂತ್ರಜ್ಞೆಯ ಮನೆಯ ಕಂಪ್ಯೂಟರು. ಬಾಣಂತನದ ಸಮಯದಲ್ಲಿ ಮನೆಯಿಂದ ಕೆಲಸ ಮಾಡಲೆಂದು ಆಕೆ ಒಂದು ಪ್ರತಿ ಇಟ್ಟುಕೊಂಡಿದ್ದರು. ಹೀಗಾಗಿ, ಕಾಪಿ ಮುಗಿದ ಮೇಲೆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ನಾಲ್ಕಾರು ಫೈಲು ತೆರೆದು ನೋಡುವುದು ಕೆಲಸದ ಅಗತ್ಯ ಭಾಗ.

ಹಾಗೆ ತೆರೆದು ನೋಡುವಾಗ ಕನ್ನಡದ ಮನೆಗಳಿಗೆ ಇನ್ನೊಂದು ತೊಂದರೆ ಎದುರಾಗುತ್ತದೆ. ಅಜ್ಜ ಇಳಿವಯಸ್ಸಿನಲ್ಲಿ ಟೈಪು ಮಾಡಿದ ಆತ್ಮಕಥೆ, ಅಮ್ಮನ ಹಾಡುಗಳ ಸಂಗ್ರಹ, ದೇವಸ್ಥಾನದ ಸ್ಮರಣ ಸಂಚಿಕೆ, ಇವೆಲ್ಲ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಇರುತ್ತವೆ. ಯುನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದ್ದರೂ ಡಿಟಿಪಿ ಅಂಗಡಿಗಳಿಗೂ ಮನೆಗಳಿಗೂ ಅದು ಬಂದದ್ದು ಬಹಳ ತಡವಾಗಿ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅಜ್ಜನ ಬಾಲ್ಯದ ಊರು ಚುಕ್ಕೆ, ಬಾಲ, ಕೊಂಬುಗಳಿರುವ ವಿದೇಶೀ ಅಕ್ಷರಗಳ ಸಾಲಾಗಿ ತೆರೆದುಕೊಳ್ಳುತ್ತದೆ. ಫೈಲು ಹಾಳಾಗಿದೆ ಎಂದು ಅಳಿಸಿದವರೂ ಇದ್ದಾರೆ. ನಿಜಕ್ಕೂ ಒಂದಕ್ಷರವೂ ಹಾಳಾಗಿರುವುದಿಲ್ಲ. ಹಳೆಯ ಕಂಪ್ಯೂಟರು ಇನ್ನೂ ಓಡುತ್ತಿರುವಾಗಲೇ ಅದರ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟುಗಳನ್ನೂ ಡಿಸ್ಕಿಗೆ ಹಾಕಿಕೊಳ್ಳಬೇಕು, ಮುಖ್ಯವಾದವನ್ನು ಪಿಡಿಎಫ್ ಮಾಡಬೇಕು, ಪರಿವರ್ತಕ ಬಳಸಿ ಯುನಿಕೋಡ್ ಪ್ರತಿಯನ್ನೂ ಇಡಬೇಕು. ಪರಿವರ್ತಿಸಿದಾಗ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ತಪ್ಪುತ್ತವೆ. ಮನೆಯಲ್ಲಿ ಒಬ್ಬರು ಕೂತು ತಿದ್ದಬೇಕಾಗುತ್ತದೆ. ಮಾಡಲೇಬೇಕಾದ ಕೆಲಸ ಅದು.

ಉಳಿದದ್ದು ಇಡುವ ಜಾಗ. ಕಂಪ್ಯೂಟರಿಗೆ ಸದಾ ಅಂಟಿಕೊಂಡಿರುವ ಡಿಸ್ಕು, ಕಂಪ್ಯೂಟರಿಗೆ ವೈರಸ್ ಬಂದರೆ ತಾನೂ ಸಿಕ್ಕಿಬೀಳುತ್ತದೆ. ಸಿಡಿಲು ಬಡಿದರೆ ಎರಡೂ ಒಟ್ಟಿಗೇ ಹೋಗಬಹುದು. ಕಾಪಿ ಮುಗಿದ ಮೇಲೆ ‘ಇಜೆಕ್ಟ್’ ಕೊಟ್ಟು, ದೀಪ ಆರಿ ತಟ್ಟೆಯ ಸದ್ದು ನಿಂತ ಮೇಲೆ ತೆಗೆದು ಬೀರುವಿನಲ್ಲಿಡುವುದು ಕ್ಷೇಮ. ಎರಡು ಡಿಸ್ಕು ಇರುವವರು ಒಂದನ್ನು ಅಣ್ಣನ ಮನೆಯಲ್ಲೋ ತಂಗಿಯ ಮನೆಯಲ್ಲೋ ಇಟ್ಟು, ಹಬ್ಬಕ್ಕೆ ಹೋದಾಗ ಅದಲುಬದಲು ಮಾಡಿಕೊಳ್ಳಬಹುದು. ಆಧಾರ್, ಪ್ಯಾನ್ ಪ್ರತಿಗಳಿವೆ ಎಂದು ಡಿಸ್ಕಿಗೆ ಪಾಸ್‌ವರ್ಡ್ ಹಾಕಿದರೆ ಅದನ್ನು ಒಬ್ಬರೇ ತಲೆಯಲ್ಲಿ ಇಟ್ಟುಕೊಳ್ಳಬಾರದು. ಮರೆತ ಪಾಸ್‌ವರ್ಡನ್ನು ತೆಗೆದುಕೊಡಲು ತಯಾರಕರಿಂದಲೂ ಆಗುವುದಿಲ್ಲ. ಮನೆಯ ಪತ್ರ, ವಿಮೆ ಪಾಲಿಸಿ ಇರುವ ಫೈಲಿನಲ್ಲೇ ಅದನ್ನೂ ಬರೆದಿಟ್ಟು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿರುವಂತೆ ಮಾಡಬೇಕು.