ಮನೆಯೊಳಗಿನ ಅಲ್ಪಸಂಖ್ಯಾತ

ಕೊರಿಯಾದ ಧಾರಾವಾಹಿಗಳು ನಮ್ಮ ಮನೆಗಳನ್ನು ಹೊಕ್ಕದ್ದು ಮೊಮ್ಮಕ್ಕಳ ಮೊಬೈಲಿನ ಮೂಲಕ. ಅವುಗಳಲ್ಲಿ ಹೆಚ್ಚಿನವು ಚೆಲುವಾದ ಮುಖಗಳ, ಅಗ್ಗದ ಕಣ್ಣೀರಿನ ಕಥೆಗಳು. ಅವುಗಳಿಗಾಗಿ ಸ್ಮರಣ ಸಂಚಿಕೆಯ ಪುಟಗಳನ್ನು ವ್ಯಯಿಸಬೇಕಾಗಿಲ್ಲ. ಆದರೆ 2024ರ ಅಕ್ಟೋಬರ್ ತಿಂಗಳಲ್ಲಿ 'ಲವ್ ಇನ್ ದಿ ಬಿಗ್ ಸಿಟಿ' ಎಂಬ ಒಂದೇ ಹೆಸರಿನಲ್ಲಿ ಬಂದ ಚಲನಚಿತ್ರ ಮತ್ತು ಎಂಟು ಕಂತುಗಳ ಧಾರಾವಾಹಿ ಬೇರೆಯೇ ಬಗೆಯವು. ಎರಡಕ್ಕೂ ಮೂಲ, ಪಾರ್ಕ್ ಸಾಂಗ್ ಯಂಗ್ 2019ರಲ್ಲಿ ಪ್ರಕಟಿಸಿದ ಕಾದಂಬರಿ. ಆಂಟನ್ ಹುರ್ ಮಾಡಿದ ಅದರ ಇಂಗ್ಲಿಷ್ ಅನುವಾದ 2022ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯ ಮೊದಲ ಪಟ್ಟಿಯಲ್ಲಿತ್ತು. ಅದು ಗೀತಾಂಜಲಿ ಶ್ರೀಯವರ ಹಿಂದಿ ಕಾದಂಬರಿಗೆ ಆ ಪ್ರಶಸ್ತಿ ಸಂದ ವರ್ಷ. ಮೂರು ವರ್ಷಗಳ ತರುವಾಯ ಬಾನು ಮುಷ್ತಾಕ್ ಅವರ ಮೂಲಕ ಅದೇ ಗೌರವ ಕನ್ನಡದ ಬಾಗಿಲಿಗೂ ಬಂತು.

ಇದು ಸಲಿಂಗಪ್ರೇಮಿ ಯುವಕನೊಬ್ಬನ ಕಥೆ. ಸಂಘದ ಹಿರಿಯರು ಪುಟ ತಿರುವಿಬಿಡುವ ಮೊದಲು ಕಥೆಯನ್ನಷ್ಟು ಹೇಳಿಬಿಡುತ್ತೇವೆ.

ಕಾದಂಬರಿಯ ನಿರೂಪಕ ಯಂಗ್, ಸೋಲ್ ನಗರದಲ್ಲಿ ಫ್ರೆಂಚ್ ಸಾಹಿತ್ಯ ಓದುವ ವಿದ್ಯಾರ್ಥಿ. ಅವನು ಒಬ್ಬ ಗಂಡಸನ್ನು ಚುಂಬಿಸುವುದನ್ನು ಸಹಪಾಠಿ ಜೇಹಿ ಎಂಬ ಹುಡುಗಿ ಕಾಣುತ್ತಾಳೆ. ಕಂಡದ್ದನ್ನು ಆಡಿಕೊಳ್ಳುವ ಬದಲು ಗೆಳತಿಯಾಗುತ್ತಾಳೆ. ಮುಂದೆ ಇಬ್ಬರೂ ಒಂದೇ ಮನೆಯಲ್ಲಿ ವಾಸಿಸುತ್ತಾರೆ. ಅವನಿಗೆ ಇಷ್ಟವೆಂದು ಅವಳು ಫ್ರೀಜರಿನಲ್ಲಿ ಬ್ಲೂಬೆರಿ ತುಂಬಿಸಿಡುತ್ತಾಳೆ. ಅವನು ಅವಳಿಗಾಗಿ ಸಿಗರೇಟು ತಂದಿಡುತ್ತಾನೆ. ಸಿಗರೇಟಿನ ಮಾತು ನಮಗೇನೂ ರುಚಿಸುವುದಲ್ಲ. ಆದರೂ ಒಬ್ಬರ ಬೇಕುಬೇಡಗಳನ್ನು ಇನ್ನೊಬ್ಬರು ಕೇಳದೆಯೇ ಅರಿಯುವ ಆ ಪುಟ್ಟ ಸಂಸಾರವನ್ನು ಲೇಖಕ ಕಟ್ಟಿರುವ ಬಗೆ ಮನಸ್ಸಿನಲ್ಲಿ ನಿಲ್ಲುತ್ತದೆ. ತಾನು ಇಂಥವನೆಂದು ಯಂಗ್ ಮೊದಲು ನಿರ್ಭಯವಾಗಿ ಬದುಕುವುದು ಈ ಮನೆಯಲ್ಲಿ. ಮುಂದೆ ಜೇಹಿಯ ಮದುವೆ ನಿಶ್ಚಯವಾದಾಗ, ಗಂಡಸೊಬ್ಬನೊಡನೆ ವಾಸವಾಗಿದ್ದುದಕ್ಕೆ ವರನಿಗೆ ಸಮಜಾಯಿಷಿ ಕೊಡಲು ಅವಳು ಅವನ ಗುಟ್ಟನ್ನು ಹೇಳಿಬಿಡುತ್ತಾಳೆ. ಗುಟ್ಟು ತನ್ನದು, ಹೇಳುವ ಹಕ್ಕೂ ತನ್ನದು ಎಂಬುದು ಯಂಗ್‌ನ ನೋವು. ಆ ನೋವು ನ್ಯಾಯವಾದುದೆಂದೇ ನಮ್ಮ ಭಾವನೆ.

ಚಲನಚಿತ್ರವು ಈ ಮೊದಲ ಭಾಗವನ್ನಷ್ಟೇ ಹಿಗ್ಗಿಸಿಕೊಂಡಿದೆ. ಜೇಹಿಯಾಗಿ ಕಿಮ್ ಗೋ ಉನ್ ಸೊಗಸಾಗಿ ನಟಿಸಿದ್ದಾರೆ. ಗೆಳೆಯನ ಪಾತ್ರದ ನೋ ಸಾಂಗ್ ಹ್ಯುನ್ ಅವರಿಗೆ ಆ ದೇಶದ ಬ್ಲೂ ಡ್ರ್ಯಾಗನ್ ಪ್ರಶಸ್ತಿಯಲ್ಲಿ ಹೊಸ ನಟನ ಮನ್ನಣೆ ದೊರೆಯಿತು. ಅವಳ ಮದುವೆಯಲ್ಲಿ ಅವನು ಹಾಡಿ ಕುಣಿಯುವ ದೃಶ್ಯ ನಗಿಸಿ ಕಣ್ಣೊದ್ದೆ ಮಾಡುತ್ತದೆ. ಆದರೆ ಕಾದಂಬರಿಯ ನಿಜವಾದ ತೂಕ ಎರಡನೆಯ ಭಾಗದಲ್ಲಿದೆ. ಅದನ್ನು ಕಾಣಬೇಕಾದರೆ ಪಾರ್ಕ್ ಅವರೇ ಚಿತ್ರಕಥೆ ಬರೆದ ಧಾರಾವಾಹಿಗೆ ಹೋಗಬೇಕು.

ಅಲ್ಲಿರುವುದು ತಾಯಿ. ಶ್ರದ್ಧಾವಂತ ಕ್ರೈಸ್ತ ಮಹಿಳೆ. ಶಾಲೆಗೆ ಹೋಗುತ್ತಿದ್ದ ಮಗ ಇನ್ನೊಬ್ಬ ಹುಡುಗನನ್ನು ಚುಂಬಿಸಿದ್ದನ್ನು ಕಂಡು ಅವನನ್ನು ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಿದವಳು. ವರ್ಷಗಳ ಮೇಲೆ ಅವಳಿಗೆ ಕ್ಯಾನ್ಸರ್ ಬರುತ್ತದೆ. ಆರೈಕೆಗೆ ನಿಲ್ಲುವವನು ಅದೇ ಮಗ. ಹಾಸಿಗೆಯ ಪಕ್ಕದಲ್ಲಿ ಕುಳಿತು ಅವನು ಒಂದೇ ಒಂದು ಮಾತಿಗಾಗಿ ಕಾಯುತ್ತಾನೆ, ಅಂದು ಮಾಡಿದ್ದು ತಪ್ಪಾಯಿತು ಮಗೂ ಎಂಬ ಮಾತಿಗಾಗಿ. ತಾಯಿ ಕ್ರೂರಿಯಲ್ಲ; ಮಗನನ್ನು ಪ್ರೀತಿಸುತ್ತಾಳೆ. ಆ ಮಾತೊಂದು ಬರುವುದಿಲ್ಲ, ಅಷ್ಟೆ. ಲೇಖಕ ಅವಳನ್ನು ದೂಷಿಸುವುದೂ ಇಲ್ಲ, ಬಿಟ್ಟುಕೊಡುವುದೂ ಇಲ್ಲ.

ಇದನ್ನು ಓದುವಾಗ ನಮಗೆ ನಮ್ಮ ಗಡಿನಾಡು ನೆನಪಾಯಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ನಾವು ಬಾಲಕರು. ಅಂದಿನಿಂದ ಕಚೇರಿಯಲ್ಲಿ ಒಂದು ಭಾಷೆ, ಮನೆಯಲ್ಲಿ ಇನ್ನೊಂದು ಎಂದು ಬದುಕಿದವರು. ಅರ್ಜಿಯನ್ನು ಯಾವ ಭಾಷೆಯಲ್ಲಿ ಬರೆಯಲಿ ಎಂದು ಅಳುಕುವುದು ನಮಗೆ ಗೊತ್ತು. ಎಂತಲೇ ಯಂಗ್‌ನ ಪಾಡು ನಮಗೆ ಅರ್ಥವಾಗುತ್ತದೆ ಎಂದುಕೊಂಡೆವು. ಆದರೆ ಆ ಹೋಲಿಕೆ ಬಹಳ ದೂರ ಸಾಗುವುದಿಲ್ಲ. ಸಂಜೆ ಹೊಸ್ತಿಲು ದಾಟಿದೊಡನೆ ನಮಗೆ ನಮ್ಮ ಮಾತು ಸಿಗುತ್ತಿತ್ತು. ತುಳುವೋ ಕೊಂಕಣಿಯೋ ಹವ್ಯಕವೋ, ಅಮ್ಮನದೂ ನಮ್ಮದೂ ಒಂದೇ. ಕಷ್ಟ ಹೇಳಿಕೊಳ್ಳಲು ಸಂಘವೂ ಇತ್ತು, ಇದೆ. ಇಂತಹ ಹುಡುಗ ಹೊಸ್ತಿಲಿನ ಒಳಗೇ ಅಲ್ಪಸಂಖ್ಯಾತ. ಅಮ್ಮನಿಗೆ ಅವನ ಭಾಷೆ ಬಾರದು. ಬಾಡಿಗೆಮನೆಯ ಗೆಳತಿಗೆ ಬರುತ್ತದೆ.

ಧಾರಾವಾಹಿ ಬಿಡುಗಡೆಯಾಗುವ ಮೊದಲೇ ಅದರ ವಿರುದ್ಧ ದೂರುಗಳು ಬಂದು ಮುನ್ನೋಟದ ತುಣುಕನ್ನು ಹಿಂತೆಗೆದುಕೊಳ್ಳಬೇಕಾಯಿತು. ಆದರೂ ಅಕ್ಟೋಬರ್ 21ರಂದು ಎಂಟೂ ಕಂತುಗಳು ಬಂದವು. ಆ ದೇಶದಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆಯಿಲ್ಲ. ಅದೇ ವರ್ಷದ ಜುಲೈಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಸಲಿಂಗ ಸಂಗಾತಿಗೂ ಆರೋಗ್ಯ ವಿಮೆಯಲ್ಲಿ ಅವಲಂಬಿತನ ಸ್ಥಾನ ಸಲ್ಲಬೇಕೆಂದಿತು. ನಮ್ಮಲ್ಲಿ 2018ರಲ್ಲಿ ಅಪರಾಧದ ಕಳಂಕ ಹೋಯಿತು; 2023ರಲ್ಲಿ ವಿವಾಹದ ಹಕ್ಕು ಸಿಗಲಿಲ್ಲ. ಎರಡೂ ದೇಶಗಳ ಸ್ಥಿತಿ ಹೆಚ್ಚುಕಡಿಮೆ ಒಂದೇ.

ಇದು ಪರದೇಶದ ಗೀಳೆಂದು ತಳ್ಳಿಹಾಕುವವರು 2013ರಲ್ಲಿ ಪ್ರಕಟವಾದ ವಸುಧೇಂದ್ರ ಅವರ 'ಮೋಹನಸ್ವಾಮಿ'ಯನ್ನು ಓದಬೇಕು. ಅಲ್ಲಿಯೂ ಒಂದೇ ಸೂರಿನ ಕೆಳಗೆ ಬಾಳಿದ ಜೊತೆಗಾರ ಕಾರ್ತಿಕ್, ಹೆಣ್ಣನ್ನು ಮದುವೆಯಾಗಿ ಹೊರಟುಹೋಗುತ್ತಾನೆ. ಮಮ್ಮುಟ್ಟಿಯವರ 'ಕಾದಲ್' ಚಿತ್ರವನ್ನು ನಮ್ಮಲ್ಲಿ ಅನೇಕರು ನೋಡಿಯೇ ಇದ್ದೀರಿ. ಅದರ ನಾಯಕ ಹರೆಯದವನಲ್ಲ, ಊರಿನ ಚುನಾವಣೆಗೆ ನಿಂತ ಗೃಹಸ್ಥ. ವಿಚ್ಛೇದನ ಕೇಳುವ ಹೆಂಡತಿಯ ಬಾಳೂ ಅವನ ಮೌನದಲ್ಲಿ ಸವೆದಿದೆ. ಗಂಡುಮಗನಿಗೆ ಬಲವಂತದ ಮದುವೆ ಮಾಡಿಸಿ ಎಲ್ಲವೂ ಸರಿಹೋಗುತ್ತದೆ ಎನ್ನುವವರು ಆ ಹೆಣ್ಣಿನ ಮುಖವನ್ನು ನೋಡಬೇಕು.

ಮೂರು ದಶಕಗಳಿಗೂ ಮಿಕ್ಕಿ ಹಾಜರಿ ಕರೆದವರು ನಾವು. ಆ ಹೆಸರುಗಳ ಸಾಲಿನಲ್ಲಿ ಇಂತಹ ಮಕ್ಕಳೂ 'ಹಾಜರ್' ಎಂದಿರಲೇಬೇಕು. ಈಗ ನಮ್ಮ ಮನೆಗಳ ಹುಡುಗರು ಓದಿಗೋ ಉದ್ಯೋಗಕ್ಕೋ ಮಂಗಳೂರು, ಬೆಂಗಳೂರು, ಕೊಚ್ಚಿಗಳ ಬಾಡಿಗೆ ಕೋಣೆಗಳಲ್ಲಿದ್ದಾರೆ. ರಜೆಗೆ ಬಂದಾಗ ಚಾವಡಿಯಲ್ಲಿ ಕುಳ್ಳಿರಿಸಿ ಸಂಬಳ ಎಷ್ಟು, ಹುಡುಗಿ ನೋಡಲೇ ಎಂದು ವಿಚಾರಿಸುತ್ತೇವೆ. ಅವರಲ್ಲೊಬ್ಬ ಉತ್ತರಿಸದೆ ಅಂಗಳದತ್ತ ನೋಡುತ್ತಾ ಕುಳಿತರೆ, ಅಡುಗೆಮನೆಯಿಂದ ಕಾಫಿ ತರುವ ಅವನ ತಾಯಿ ಏನು ಹೇಳುತ್ತಾಳೋ ಎಂದು ಅವನು ಕಾಯುತ್ತಿರಬಹುದು.